ಸಮುದ್ರದ ದೊಡ್ಡ ಅಲೆಗೆ ಕನ್ನಡದಲ್ಲಿ ಬೇರೆ ಏನೇನು ಹೇಳ್ತಾರೆ?

ನೇರವಾಗಿ ಬೇಕಂದ್ರೆ ಹೆದ್ದೆರೆ, ಹಿರಿದು ತೆರೆ ಸೇರಿ ಆಗಿರೋದು, ಆದ್ರೆ ಇದು ಬರವಣಿಗೇಲೇ ಜಾಸ್ತಿ, ನಾವು ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರು ಬೀಚಿಗೆ ಹೋದಾಗ ಯಾರೂ ಹೆದ್ದೆರೆ ಬಂತು ಅನ್ನಲ್ಲ, "ದೊಡ್ಡ ಅಲೆ ಬರ್ತಾ ಉಂಟು, ಹಿಂದೆ ಬಾ" ಅಂತಾನೇ ಕೂಗೋದು. ಟಿವಿಯವರಿಗೆ ರಕ್ಕಸ ಅಲೆ, ದೈತ್ಯ ಅಲೆ ಇಷ್ಟ.

ಕಲ್ಲೋಲ ಅಂದ್ರೂ ದೊಡ್ಡ ಅಲೇನೇ, ಸಂಸ್ಕೃತದ್ದು. ಒಂಟಿಯಾಗಿ ಯಾರೂ ಬಳಸಲ್ಲ, ಆದ್ರೆ ಮಳೆಗೆ ಕರೆಂಟು ಹೋಗಿ, ಮರ ಬಿದ್ದು ರೋಡು ಬಂದ್ ಆದ್ರೆ "ಎಲ್ಲಾ ಅಲ್ಲೋಲ ಕಲ್ಲೋಲ" ಅಂತೀವಲ್ಲ, ಅದರೊಳಗೆ ಸಮುದ್ರ ಕೂತಿದೆ, ಸಮುದ್ರವೇ ಇಲ್ಲದ ಕೊಡಗಲ್ಲೂ!

ತರಂಗ ಈಗ ಹೆಚ್ಚಾಗಿ ರೇಡಿಯೋ, ಶಬ್ದಕ್ಕೆ ಹೋಗಿಬಿಟ್ಟಿದೆ. ಊರ್ಮಿ, ವೀಚಿ ಕಾವ್ಯಕ್ಕೆ ಬಿಡಿ.

ಉಬ್ಬರ ಮಾತ್ರ ಬೇರೆ, ಅದು ಚಂದ್ರ ಸೂರ್ಯರ ಸೆಳೆತಕ್ಕೆ ನೀರಿನ ಮಟ್ಟವೇ ಏರೋದು, ಅಲೆ ಹೆಚ್ಚಾಗಿ ಗಾಳಿಯಿಂದ ಏಳೋದು. ಸುನಾಮಿ ಜಪಾನಿ ಪದ, 2004ರ ಡಿಸೆಂಬರ್ 26ರ ನಂತರ ಎಲ್ಲರ ಬಾಯಿಗೂ ಬಂತು, ಅದು ಮುಖ್ಯವಾಗಿ ಸಮುದ್ರದಡಿಯ ಭೂಕಂಪದಿಂದ ಆಗೋದು. ಭಾಗಮಂಡಲದಲ್ಲಿ ಕಾವೇರಿ ಉಕ್ಕಿ ರಸ್ತೆಗೆ ಬಂದ್ರೆ ಅದು ಪ್ರವಾಹ ಅಷ್ಟೇ, ದಯವಿಟ್ಟು ಅದಕ್ಕೂ ಸುನಾಮಿ ಅಂತ ಸ್ಟೇಟಸ್ ಹಾಕ್ಬೇಡಿ.