ಕಡಲನ್ನು ಅಳುವಂತೆ ಮಾಡಬೇಡಿ

ಪ್ರಿಯ ಲೇಖಕರೇ,

ನಿಮ್ಮ ಕತೆ ಓದಿದೆ. ಗಂಗೊಳ್ಳಿ ಕಡೆಯ ಕೇರಿ, ಕಡಲಿಗೆ ಹೋದ ಗಂಡ ಬಾರದೆ ಉಳಿದ ಜಲಜ. ಭಾಷೆ ಸರಾಗವಾಗಿದೆ, ಅಕ್ಷರ ತಪ್ಪುಗಳಿಲ್ಲ. ಒಣಗಲು ಹಾಕಿದ ಮೀನಿನ ಮೇಲೆ ಹನಿ ಬಿದ್ದಾಗ ‘ಅತ್ತೆ ಬೈದದ್ದು ಮೋಡಕ್ಕಲ್ಲ, ಸೊಸೆಗೆ’ ಎಂದಿದ್ದೀರಲ್ಲ, ಅದು ಒಳ್ಳೆಯ ಸಾಲು. ಅದು ಇದ್ದದ್ದಕ್ಕೇ ಉಳಿದದ್ದರ ಮೇಲೆ ಸಿಟ್ಟು ಬಂತು.

ನಾಲ್ಕನೇ ಪುಟದ ಸಾಲು: ‘ಬಡತನದ ಬೆಂಕಿಯಲ್ಲಿ ಬೆಂದ ಜಲಜಳ ಕಣ್ಣೀರಿಗೆ ಕಡಲೂ ಕರಗಿತು.’ ಕಡಲು ಯಾರಿಗೂ ಕರಗಿದ್ದನ್ನು ನಾನು ಕಾಣೆ. ಬೆಂಕಿ, ಕಣ್ಣೀರು, ಕಡಲು ಮೂರನ್ನೂ ಒಂದೇ ಸಾಲಿಗೆ ತುರುಕಿದ ಮೇಲೆ ಜಲಜಳಿಗೆ ನಿಲ್ಲಲು ಜಾಗವೆಲ್ಲಿ?

ಮುಂದಿನ ಸಾಲು: ‘ಅವಳಿಗೆ ಜಗತ್ತಿನಲ್ಲಿ ಯಾರೂ ಇರಲಿಲ್ಲ.’ ಹಾಗಾದರೆ ಎರಡನೇ ಪುಟದ ಅತ್ತೆ ಎಲ್ಲಿ ಹೋದರು? ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮನೆಗೆ ನಾರುವ ಕೇರಿಯಲ್ಲಿ ಯಾರೂ ಇಲ್ಲದಿರುವುದು ಸುಲಭವಲ್ಲ. ದೋಣಿ ದಡ ಮುಟ್ಟಿತೆಂದರೆ ಕೇರಿಗೆ ಕೇರಿಯೇ ಬುಟ್ಟಿ ಹಿಡಿದು ಓಡುತ್ತದೆ. ಜಲಜ ಓಡುತ್ತಾಳೋ, ಒಳಗೇ ಕೂರುತ್ತಾಳೋ? ಓಡಿದರೆ ಯಾರ ಪಾಲಿನ ಮೀನಿಗೆ? ಇದನ್ನು ಬರೆದಿದ್ದರೆ ‘ಒಂಟಿ’ ಎಂಬ ಪದವೇ ಬೇಕಿರಲಿಲ್ಲ.

ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ಕಾಲದಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಕತೆಯಲ್ಲಿ ‘ಬಡವ’ ಎಂದು ಬಂದಲ್ಲೆಲ್ಲ ಕೆಂಪು ಶಾಯಿಯಲ್ಲಿ ‘ಎಷ್ಟು?’ ಎಂದು ಬರೆಯುತ್ತಿದ್ದರು. ಲೇಖಕರು ಜಗಳಕ್ಕೆ ಬಂದರೆ ಮೊದಲು ಚಾ ತರಿಸುತ್ತಿದ್ದರು. ಆಮೇಲೆ, “ಅಂಗಡಿಯಲ್ಲಿ ಬಾಕಿ ಎಷ್ಟುಂಟು? ಅಂಗಡಿಯವ ಅದನ್ನು ನಾಲ್ಕು ಜನರ ಎದುರು ಕೇಳ್ತಾನೋ, ಮೆಲ್ಲ ಕೇಳ್ತಾನೋ? ಅದು ಹೇಳಿ ಮಾರಾಯ್ರೆ” ಎನ್ನುತ್ತಿದ್ದರು. ಕೆಲವರು ಚಾ ಕುಡಿಯದೇ ಎದ್ದು ಹೋದದ್ದೂ ಉಂಟು. ಕತೆ ತಿದ್ದುವುದನ್ನು ನಾನು ಕಲಿತದ್ದು ಆ ಮೇಜಿನ ಪಕ್ಕದಲ್ಲಿ ನಿಂತೇ.

ನಿಮ್ಮ ಕತೆಯಲ್ಲಿ ಸಾಲ ಕೊಟ್ಟವರೇ ಇಲ್ಲ. ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು: ಜುಲೈ ನಡುವಿನಲ್ಲಿ ಗಂಡ ಯಂತ್ರದ ಟ್ರಾಲ್‌ಬೋಟ್ ಹತ್ತುತ್ತಾನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಾಗಲಿ ಗಂಗೊಳ್ಳಿಯಲ್ಲಾಗಲಿ ಬೋಟುಗಳು ಕಟ್ಟಿಯೇ ಇರುತ್ತವೆ. ಬೋಟಿಲ್ಲದಿದ್ದರೆ ಪಾಲಿಲ್ಲ. ನೀವು ಬೆಂಕಿಯಲ್ಲಿ ಹುಡುಕುತ್ತಿದ್ದ ಹಸಿವು ಇರುವುದು ಈ ಎರಡು ತಿಂಗಳಲ್ಲಿ. ಆಗ ಕಡಲಿಗಿಳಿಯುವುದು ನಿಷೇಧವಿಲ್ಲದ ಸಣ್ಣ ನಾಡದೋಣಿ, ಅದೂ ಕಡಲು ಬಿಟ್ಟುಕೊಟ್ಟ ದಿನ. ನದಿ ಕಡಲು ಸೇರುವ ಅಳಿವೆ ಬಾಗಿಲಲ್ಲಿ ದೋಣಿ ಮಗುಚುವುದು ಆ ಊರಿನವರಿಗೆ ಹೊಸತಲ್ಲ. ಅವನನ್ನು ನಾಡದೋಣಿಯಲ್ಲಿ ಕಳಿಸಿ. ಹಿಂದಿನ ಸಂಜೆ ಬಾಕಿ ಕೇಳಲು ಯಾರು ಬಂದಿದ್ದರು, ಜಲಜ ಅವರಿಗೆ ಏನು ಸುಳ್ಳು ಹೇಳಿದಳು ಎಂಬುದನ್ನು ಬರೆಯಿರಿ.

ಕತೆಯನ್ನು ವಾಪಸು ಕಳಿಸಿದ್ದೇನೆ. ನಾಲ್ಕನೇ ಪುಟ ಪೂರ್ತಿ ಹೋಗಲಿ. ಅತ್ತೆಯನ್ನು ಮಾತ್ರ ಕೊನೆಯವರೆಗೂ ಉಳಿಸಿಕೊಳ್ಳಿ, ಇನ್ನಷ್ಟು ಬೈಯಲಿ.

ಇಂತಿ,
ಸಂಪಾದಕ