ಜಾರ್ಜಿಯಾಗೆ 7 ದಿನ: ವೈನ್ ಕುಡಿಯದವರು ಕಾಖೇತಿ ಬಿಡಬಹುದಾ?

ಜಾರ್ಜಿಯಾ ದೇಶದಲ್ಲಿ 7 ದಿನ, ಅಷ್ಟರಲ್ಲಿ ರಾಜಧಾನಿ ಟಿಬಿಲಿಸಿ, ಬೆಟ್ಟದೂರು ಕಜ್ಬೆಗಿ, ಗುಡ್ಡಗಾಡಿನ ಸ್ವಾನೆತಿ, ಕಡಲತೀರದ ಬತೂಮಿ ಎಲ್ಲಾ ನೋಡಬೇಕು, ನಾವು ಸಸ್ಯಾಹಾರಿಗಳು, ಕುಡಿಯುವುದಿಲ್ಲ, ಹಾಗಾಗಿ ವೈನ್ ಸೀಮೆ ಕಾಖೇತಿ ಬಿಡಬಹುದಾ ಅಂತ ಕೇಳಿದ್ದೀರಿ. 2019ರ ಸೆಪ್ಟೆಂಬರಿನಲ್ಲಿ ನಾನೂ ಇದೇ ಲೆಕ್ಕ ಹಾಕಿ ಅವ್ವನನ್ನು ಕರೆದುಕೊಂಡು ಹೋಗಿದ್ದೆ.

ಕಾಖೇತಿಗೆ ಒಂದೇ ರಾತ್ರಿ ಇಟ್ಟಿದ್ದೆ. ತೆಲಾವಿ ಹತ್ತಿರ ಒಂದು ಹಳ್ಳಿ ಮನೆ. ಅಂಗಳದ ಪಕ್ಕದಲ್ಲೇ ಮರಾನಿ, ಅಂದರೆ ವೈನ್ ಮಾಡುವ ಕೋಣೆ. ನೆಲದಲ್ಲಿ ಬರೀ ದುಂಡನೆ ಬಾಯಿಗಳು ಕಾಣುತ್ತಿದ್ದವು. ಪ್ರತಿ ಬಾಯಿಯ ಕೆಳಗೂ ಆಳೆತ್ತರದ ಒಂದು ಮಣ್ಣಿನ ಗುಡಾಣ ಹೂತಿರುತ್ತದೆ. ಅದೇ ಕ್ವೆವ್ರಿ. ದ್ರಾಕ್ಷಿ ತುಳಿದು, ರಸ, ಸಿಪ್ಪೆ, ಬೀಜ ಎಲ್ಲಾ ಒಟ್ಟಿಗೆ ಅದಕ್ಕೆ ಸುರಿದು, ಹುಳಿ ಬಂದ ಮೇಲೆ ಬಾಯಿ ಮುಚ್ಚಿ ತಿಂಗಳುಗಟ್ಟಲೆ ಬಿಡುತ್ತಾರೆ. ನೆಲದ ತಂಪೇ ಅದನ್ನು ಕಾಯುತ್ತದೆ. ಯುನೆಸ್ಕೋ 2013ರಲ್ಲಿ ಮಾನ್ಯತೆ ಕೊಟ್ಟಿದ್ದು ಈ ಪದ್ಧತಿಗೇ. ಟಿಬಿಲಿಸಿಯ ದಕ್ಷಿಣಕ್ಕೆ ಸಿಕ್ಕ ಸುಮಾರು 8,000 ವರ್ಷ ಹಳೆಯ ಮಡಕೆ ಚೂರುಗಳಲ್ಲಿ ವೈನಿನ ಗುರುತು ಸಿಕ್ಕಿದೆ.

ನಾವು ಹೋದಾಗ ಮನೆಯ ಅಳಿಯ ಒಂದು ಕ್ವೆವ್ರಿಯ ಒಳಗೇ ಇಳಿದು ಉಜ್ಜುತ್ತಿದ್ದ. ಚೆರ್ರಿ ಮರದ ತೊಗಟೆಯ ಬ್ರಷ್. ಆಳು ಕಾಣುತ್ತಿರಲಿಲ್ಲ, ಕೆಳಗಿನಿಂದ ದನಿ ಮಾತ್ರ ಗುಂಯ್ ಅಂತ ಬರುತ್ತಿತ್ತು. ಅವ್ವ ಬಗ್ಗಿ ನೋಡಿ, "ಅಯ್ಯ, ನಮ್ಮ ಹಗೇವು ಇದ್ದಂಗ ಐತಲ್ಲೋ" ಅಂದಳು. ನಮ್ಮದು ಗದಗ ಕಡೆ. ಜೋಳ ತುಂಬಿಡುವ ನೆಲದಡಿಯ ಗುಂಡಿ, ಅಂದರೆ ಹಗೇವು ನೋಡಿ ಬೆಳೆದವಳು ಅವಳು. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ಹಾಗೇ ಇಳಿದರೆ ಜೀವಕ್ಕೆ ಅಪಾಯ. ಮೊದಲು ಕೇಳಿದ್ದೇ "ಗಾಳಿ ಆಡಿಸಿ ಇಳದಾನೇನ ಕೇಳು" ಅಂತ. ಇಂಗ್ಲಿಷ್ ಬರುತ್ತಿದ್ದ ಮೊಮ್ಮಗಳು ಅದನ್ನು ಹೇಳಿದಾಗ ಆ ಮನೆಯ ಅಜ್ಜಿ ಅವ್ವನ ಕೈ ಹಿಡಿದುಕೊಂಡರು. ಇದನ್ನು ಕೇಳಿದ ಮೊದಲ ಪ್ರವಾಸಿ ಇವರೇ ಅಂದರಂತೆ. ಆಮೇಲೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬದನೆಕಾಯಿ ಹಚ್ಚಿದರು. ಅದಕ್ಕೆ ಅರೆದ ಅಕ್ರೋಟು, ಬೆಳ್ಳುಳ್ಳಿ ತುಂಬುತ್ತಾರೆ. ನಮ್ಮ ಎಣ್ಣೆಗಾಯಿಗೆ ಶೇಂಗಾ ಬದಲು ಅಕ್ರೋಟು ಹಾಕಿದ ಹಾಗೆ.

"ನಾಳೆ ರ್‌ತ್ವೇಲಿ, ದ್ರಾಕ್ಷಿ ಕೊಯ್ಲು. ಇದ್ದುಬಿಡಿ" ಅಂದರು ಅಜ್ಜಿ. ಅವ್ವ ನನ್ನ ಮುಖ ನೋಡಿದಳು. ನಾನು ಬೇಡ ಅಂದೆ.

ಯಾಕೆ ಅಂದೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅಲ್ಲೇ ಎಡವುತ್ತಿದ್ದೀರಿ. 7 ದಿನಕ್ಕೆ 5 ಊರು ಇಟ್ಟಿದ್ದೆ. ಐದೂ ಕಡೆ ರೂಮು ಮೊದಲೇ ಬುಕ್ ಮಾಡಿ ದುಡ್ಡು ಕಟ್ಟಿದ್ದೆ. ಕ್ಯಾನ್ಸಲ್ ಮಾಡಿದರೆ ವಾಪಸ್ ಬರಲ್ಲ, ಅದಕ್ಕೇ ಸ್ವಲ್ಪ ಅಗ್ಗ ಇತ್ತು. ಒಂದು ರಾತ್ರಿ ತಪ್ಪಿದರೆ ಮುಂದಿನದ್ದೆಲ್ಲಾ ತಪ್ಪುತ್ತದೆ. ಉಳಿಸಿದ್ದು ಹೆಚ್ಚೆಂದರೆ ಮೂರು ಸಾವಿರ ರೂಪಾಯಿ. ಅಷ್ಟಕ್ಕೆ ಇಡೀ ಪ್ರವಾಸ ಕಟ್ಟಿಹಾಕಿಕೊಂಡಿದ್ದೆ. ಜೊತೆಗೆ, ಕುಡಿಯದವರಿಗೆ ಕೊಯ್ಲಿನಲ್ಲಿ ಏನು ಕೆಲಸ ಅನ್ನುವ ಯೋಚನೆ ಬೇರೆ.

ಬೆಳಿಗ್ಗೆ 7ಕ್ಕೇ ಹೊರಟೆವು. ಟಿಬಿಲಿಸಿ ಕಡೆಗೆ ಬಂದು, ಅಲ್ಲಿಂದ ಉತ್ತರಕ್ಕೆ ತಿರುಗಿ ಜ್ವಾರಿ ಘಾಟಿ ಹತ್ತಬೇಕು. ಅದು ರಷ್ಯಾ ಗಡಿಗೆ ಹೋಗುವ ದಾರಿ. ಲಾರಿಗಳು ಕಿಲೋಮೀಟರುಗಟ್ಟಲೆ ನಿಂತಿದ್ದವು. ಕಜ್ಬೆಗಿ ಮುಟ್ಟಿದಾಗ ಕತ್ತಲು. ಮರುದಿನ ಗೆರ್ಗೆತಿ ಚರ್ಚಿಗೆ ಹತ್ತಿದರೆ ಮಂಜೋ ಮಂಜು. 5,000 ಮೀಟರಿಗೂ ಎತ್ತರದ ಕಜ್ಬೆಕ್ ಶಿಖರ ಎದುರಿಗೇ ಇದೆ, ನಮಗೆ ಕಾಣಲಿಲ್ಲ. ಇನ್ನೊಂದು ದಿನ ಕಾಯೋಣ ಅಂದರೆ ಮಧ್ಯಾಹ್ನವೇ ಹೊರಡಬೇಕು, ಮುಂದಿನ ಊರಿನ ರೂಮು! ಕೊಯ್ಲೂ ಹೋಯಿತು, ಶಿಖರವೂ ಹೋಯಿತು. ಅವ್ವನಿಗೆ ಈಗ ಮಂಡಿ ನೋವು ಜಾಸ್ತಿ. ಮತ್ತೆ ಅಷ್ಟು ದೂರ ಹೋಗುವ ಮಾತೇ ಇಲ್ಲ. ಆ ಅಜ್ಜಿಯನ್ನು ಮಾತ್ರ ಇವತ್ತಿಗೂ ನೆನೆಸಿಕೊಳ್ಳುತ್ತಾಳೆ.

ಹಾಗಾಗಿ ಕಾಖೇತಿ ಬಿಡಬೇಡಿ, ಬಿಡುವುದಿದ್ದರೆ ಬತೂಮಿ ಬಿಡಿ. ಸಮುದ್ರ ನೋಡೋಕೆ ನಮಗೆ ಗೋಕರ್ಣ ಇದೆ, ಅಲ್ವಾ? ಸ್ವಾನೆತಿಯೂ ಈ ಸಲ ಬೇಡ. ಟಿಬಿಲಿಸಿಯಿಂದ ಅಲ್ಲಿನ ಮುಖ್ಯ ಊರು ಮೆಸ್ತಿಯಾಗೆ ರಸ್ತೆಯಲ್ಲಿ ಒಂದು ಇಡೀ ದಿನ ಬೇಕು. ಅಲ್ಲಿನ ಕಲ್ಲಿನ ಗೋಪುರದ ಮನೆಗಳಿಗೆ ಬೇರೆಯದೇ ಪ್ರವಾಸ ಮಾಡಿ. ಟಿಬಿಲಿಸಿ 2 ರಾತ್ರಿ, ಕಾಖೇತಿ 2, ಕಜ್ಬೆಗಿ 2 ಸಾಕು. ಕಜ್ಬೆಗಿಗೆ ಒಂದೇ ರಾತ್ರಿ ಯಾವ ಕಾರಣಕ್ಕೂ ಇಡಬೇಡಿ, ಮೋಡ ಸರಿಯೋಕೆ ಸಮಯ ಕೊಡಬೇಕು.

ಊಟದ ಚಿಂತೆ ಬೇಡ. "ಸಮರ್ಖ್ವೋ" ಅನ್ನುವ ಪದ ಕಲಿತುಕೊಳ್ಳಿ. ಅಲ್ಲಿನ ಕ್ರೈಸ್ತರ ಉಪವಾಸದ ಅಡುಗೆ ಅದು, ಮಾಂಸ ಇರಲಿ, ಹಾಲು, ಮೊಟ್ಟೆಯೂ ಇರುವುದಿಲ್ಲ. ಮಡಕೆಯಲ್ಲಿ ಬೇಯಿಸಿದ ಕಾಳಿನ ಲೋಬಿಯೋ, ಜೊತೆಗೆ ಮೆಕ್ಕೆಜೋಳದ ಮ್ಚಾದಿ ರೊಟ್ಟಿ. ಅವ್ವ ಎರಡು ಹೊತ್ತು ಅದನ್ನೇ ಉಂಡಳು. ಖಿಂಕಾಲಿ ಕಡುಬಿಗೆ ಸಾಮಾನ್ಯವಾಗಿ ಮಾಂಸ ಇರುತ್ತದೆ, ಅಣಬೆಯದ್ದು ಕೇಳಿ ತರಿಸಿಕೊಳ್ಳಿ. ಕಾಖೇತಿಯ ಆ ಮನೆಯಲ್ಲಿ ರಾತ್ರಿ ಊಟಕ್ಕೆ ಎಲ್ಲರೂ ಲೋಟ ಎತ್ತಿ "ಗೌಮಾರ್ಜೋಸ್" ಅನ್ನುವಾಗ ಅವ್ವ ದ್ರಾಕ್ಷಿ ರಸ ಎತ್ತಿದಳು. ತೀರಿಹೋದವರ ಹೆಸರಿನಲ್ಲಿ ಒಂದು ಸುತ್ತು ಬರುತ್ತದೆ. ಆಗ ಅಪ್ಪನನ್ನು ನೆನೆದು ಕಣ್ಣೊರೆಸಿಕೊಂಡಳು. ಯಾಕೆ ವೈನ್ ಬೇಡ ಅಂತ ಯಾರೂ ಕೇಳಲಿಲ್ಲ.

ಸೆಪ್ಟೆಂಬರ್ ಕೊನೆಗೆ ಹೊರಡುತ್ತೇವೆ ಅಂತ ಬರೆದಿದ್ದೀರಿ. ಸರಿಯಾಗಿ ಕೊಯ್ಲಿನ ಸಮಯ. ಉಳಿಯುವ ಮನೆಯವರಿಗೆ ಈಗಲೇ ಬರೆದು ರ್‌ತ್ವೇಲಿ ಯಾವ ದಿನ ಅಂತ ಕೇಳಿ. ಬಿಸಿಲು, ಮಳೆ ನೋಡಿಕೊಂಡು ಅವರು ದಿನ ಹಿಂದೆ ಮುಂದೆ ಮಾಡುತ್ತಾರೆ, ಅದಕ್ಕೇ ಕ್ಯಾನ್ಸಲ್ ಮಾಡಬಹುದಾದ ರೂಮನ್ನೇ ಹಿಡಿಯಿರಿ.