ಚೆಂಡೆ ಕೇಳುತ್ತದೆ, ಅರ್ಥ ಕೇಳುವುದಿಲ್ಲ

ಪ್ರಶ್ನೆ: ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಟ್ಯಾಬ್‌ನಲ್ಲಿ ಯೂಟ್ಯೂಬಿನ ತಾಳಮದ್ದಲೆ (ವೇಷ, ಕುಣಿತವಿಲ್ಲದ ಯಕ್ಷಗಾನ) ಹಾಕಿಕೊಂಡು ಕೂರುತ್ತೇವೆ. ಪದ್ಯ ಬಂದರೆ ಚೆಂಡೆಯ ಸದ್ದಿಗೆ ಕಿವಿ ಗಡಚಿಕ್ಕುತ್ತದೆ. ಅರ್ಥ, ಅಂದರೆ ಪಾತ್ರಗಳ ಮಾತುಗಾರಿಕೆ, ಶುರುವಾದರೆ ಮಾತೇ ತಿಳಿಯುವುದಿಲ್ಲ. ಧ್ವನಿ ಏರಿಸಿ ಇಳಿಸಿ ಟ್ಯಾಬಿಗೆಲ್ಲ ಅಡಿಕೆಯ ಚೊಗರು ಮೆತ್ತಿದೆ. ಮೊಮ್ಮಗ ತಗ್ಗಿನ, ಮೇಲಿನ ನಾದಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್ ತೆರೆದು ಎಲ್ಲ ಗುಂಡಿಗಳನ್ನೂ ಮೇಲಕ್ಕೆ ಎಳೆದುಕೊಟ್ಟ. ಈಗ ಗೊರಗೊರ ಶಬ್ದವೂ ಸೇರಿದೆ. ನನಗೆ 68 ವರ್ಷ. ಹಾಳಾಗಿರುವುದು ಟ್ಯಾಬೋ, ಕಿವಿಯೋ?
– ಓದುಗರು, ಸಿದ್ದಾಪುರ ತಾಲ್ಲೂಕು

ಉತ್ತರ: ಎರಡೂ ಹಾಳಾಗಿಲ್ಲ ಎಂದುಕೊಂಡೇ ಶುರುಮಾಡೋಣ. ಮೊದಲು ಮೊಮ್ಮಗನ ಉಪಕಾರವನ್ನು ಅಳಿಸಿ. ನಾನು ಸಾಗರದಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಕಾಲದಿಂದಲೂ ಈ ಚಾಳಿಯನ್ನು ನೋಡಿದ್ದೇನೆ. ಈಕ್ವಲೈಸರ್ ಇರುವ ಸೆಟ್ಟು ಮನೆಗೆ ಬಂದ ವಾರದೊಳಗೆ ಎಲ್ಲ ಗುಂಡಿಗಳೂ ನೆತ್ತಿಗೇರಿರುತ್ತಿದ್ದವು. ಎಲ್ಲವನ್ನೂ ಏರಿಸಿದರೆ ಯಾವುದೂ ಎದ್ದು ಕೇಳುವುದಿಲ್ಲ. ಮಿತಿ ಮೀರಿದಾಗ ಧ್ವನಿಯಲೆಯ ತುದಿ ಕತ್ತರಿಸಿಹೋಗುತ್ತದೆ, ಆ ಗೊರಗೊರ ಅದರದೇ.

ನಿಮ್ಮದು ಯಾವ ಕಂಪನಿಯದೆಂದು ಬರೆದಿಲ್ಲ. ಸ್ಯಾಮ್ಸಂಗ್‌ನ ದಾರಿ ಹೇಳುತ್ತೇನೆ, ಬೇರೆಯದಾದರೆ ಹೆಸರುಗಳು ತುಸು ಬದಲಾಗುತ್ತವೆ. ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗದಲ್ಲಿ ‘ಸೌಂಡ್ ಕ್ವಾಲಿಟಿ ಆ್ಯಂಡ್ ಎಫೆಕ್ಟ್ಸ್’ ಇದೆ. ಅದರೊಳಗೆ ಈಕ್ವಲೈಸರ್. ಅಲ್ಲಿರುವ ಅಂಕಿಗಳು ನಾದದ ಎತ್ತರದ ಅಳತೆ, ಹರ್ಟ್ಸ್‌ನಲ್ಲಿ. ಎಡದ 63 ಮತ್ತು 125ರ ಗುಂಡಿಗಳನ್ನು ತಳಕ್ಕೆ ಇಳಿಸಿ. ಆ ತಗ್ಗಿನ ನಾದವನ್ನು ಟ್ಯಾಬಿನ ಪುಟ್ಟ ಸ್ಪೀಕರ್ ಹೇಗೂ ಹೊರಡಿಸಲಾರದು, ಸುಮ್ಮನೆ ಒದ್ದಾಡುತ್ತದೆ. 250ನ್ನು ಎರಡು ಮೆಟ್ಟಿಲು ಇಳಿಸಿ. 2 ಸಾವಿರ ಮತ್ತು 4 ಸಾವಿರದವನ್ನು ಮಾತ್ರ ಎರಡು ಮೆಟ್ಟಿಲು ಏರಿಸಿ. ಉಳಿದವು ನಡುವಿನಲ್ಲೇ ಇರಲಿ.

ಅವೆರಡೇ ಏಕೆ ಎನ್ನುತ್ತೀರಿ. ಅ, ಆ, ಓ ಎಂಬ ಸ್ವರಗಳ ಬಲವೆಲ್ಲ ಹೆಚ್ಚಾಗಿ ಸಾವಿರ ಹರ್ಟ್ಸ್‌ನ ಕೆಳಗಿದೆ. ತ, ಟ, ಸ, ಶಗಳ ಗುರುತು ಸಿಗುವುದು ಎರಡು ಸಾವಿರದಿಂದ ಮೇಲೆ. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದೂ ಮೇಲಿನ ಆ ಭಾಗವನ್ನೇ. ಆದ್ದರಿಂದ ಕೌರವ ಗುಡುಗಿದ್ದು ಕೇಳುತ್ತದೆ, ಏನೆಂದ ಎನ್ನುವುದು ತಪ್ಪಿಹೋಗುತ್ತದೆ. ಇಷ್ಟಾದರೂ ಮಾತು ಬಿಡಿಬಿಡಿಯಾಗಿ ಕೇಳದಿದ್ದರೆ ಡಾಲ್ಬಿ ಅಟ್ಮಾಸ್ ಎಂಬ ಧ್ವನಿ ಸೌಕರ್ಯ ಇರುವ ಟ್ಯಾಬಿನಲ್ಲಿ ಅದನ್ನು ‘ವಾಯ್ಸ್’ಗೆ ಇಟ್ಟು ನೋಡಿ. ಎರಡನ್ನೂ ಒಟ್ಟಿಗೆ ತಿರುಚಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯದೆ ಹೋಗುತ್ತದೆ.

ಏರಿಸಿ ಇಳಿಸುವ ಕಾಟಕ್ಕೆ ಮದ್ದು ಯೂಟ್ಯೂಬಿನಲ್ಲೇ ಇದೆ. ವಿಡಿಯೊ ಮೇಲಿನ ಹಲ್ಲುಚಕ್ರ ಒತ್ತಿ ಹೆಚ್ಚಿನ ಸೆಟ್ಟಿಂಗ್ಸ್‌ಗೆ ಹೋಗಿ ‘ಸ್ಟೇಬಲ್ ವಾಲ್ಯೂಮ್’ ಹಾಕಿ. ಇದು ಜೋರಿನದನ್ನು ತಗ್ಗಿಸಿ ಮೆಲುವಿನದನ್ನು ಎತ್ತುತ್ತದೆ. ಪದ್ಯಕ್ಕೂ ಅರ್ಥಕ್ಕೂ ನಡುವಿನ ಅಂತರ ಕುಗ್ಗುತ್ತದೆ. ಎಲ್ಲ ವಿಡಿಯೊಗಳಿಗೂ ಈ ಸೌಕರ್ಯ ಇರುವುದಿಲ್ಲ. ಸಂಗೀತ ಕಛೇರಿ ಕೇಳುವಾಗ ತೆಗೆದುಬಿಡಿ, ಆಲಾಪನೆಯ ಏರಿಳಿತ ಚಪ್ಪಟೆಯಾಗುತ್ತದೆ.

ಇನ್ನು ಒಂದು ಮಾತು, ಇದಕ್ಕೆ ಸೆಟ್ಟಿಂಗ್ಸ್ ಬೇಕಿಲ್ಲ. ಕಳೆದ ವರ್ಷ ನಮ್ಮ ಭಾವನ ಮನೆಯಲ್ಲಿ ಇದೇ ದೂರು. ನೋಡಿದರೆ ಟ್ಯಾಬ್ ಗೋಣಿಯ ಮೇಲೆ ಅಂಗಾತ ಮಲಗಿತ್ತು, ಸ್ಪೀಕರಿನ ಜಾಲರಿಯಲ್ಲಿ ಅಡಿಕೆ ಸಿಪ್ಪೆಯ ನಾರು ಮೆತ್ತಿತ್ತು. ಮಗುವಿನ ಬಣ್ಣದ ಪೆಟ್ಟಿಗೆಯ ಒಣ ಕುಂಚದಿಂದ ಜಾಲರಿಯನ್ನು ಮೆಲ್ಲಗೆ ಗುಡಿಸಿದೆ. ದಬ್ಬಣ ತಂದುಕೊಡುತ್ತೇನೆ ಎಂದರು ಅಕ್ಕ, ಬೇಡವೆಂದೆ. ಸೂಜಿ, ದಬ್ಬಣ ಚುಚ್ಚಿದರೆ ಸ್ಪೀಕರಿನ ಪರದೆಯೇ ಹರಿಯುತ್ತದೆ. ಟ್ಯಾಬನ್ನು ಮರದ ಸ್ಟೂಲಿನ ಮೇಲೆ ಗೋಡೆಗೆ ಒರಗಿಸಿ, ಸುಲಿಯುವವರ ಕಿವಿಯ ಮಟ್ಟಕ್ಕೆ ಇಟ್ಟೆವು. ಅಲ್ಲಿಗೆ ಧ್ವನಿಯನ್ನು ಎರಡು ಗೆರೆ ಇಳಿಸಬೇಕಾಯಿತು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಸದ್ದು ನಡುವೆ ಇದ್ದೇ ಇರುತ್ತದೆ, ಅದಕ್ಕೆ ನನ್ನಲ್ಲಿ ಗುಂಡಿಯಿಲ್ಲ.

ಪ್ರಶ್ನೆ: ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಪ್ರಸಂಗ ಇಯರ್‌ಫೋನಿನಲ್ಲಿ ಎಡಗಿವಿಗೆ ಮಾತ್ರ ಕೇಳುತ್ತದೆ. ಬೇರೆಲ್ಲವೂ ಸರಿಯಾಗಿವೆ. ನನ್ನದು ಐಪ್ಯಾಡ್.
– ಓದುಗರು, ಉಡುಪಿ

ಉತ್ತರ: ಇಯರ್‌ಫೋನ್ ಬದಲಿಸಬೇಡಿ. ಕ್ಯಾಸೆಟ್ ಇಳಿಸಿದವರು ಒಂದೇ ವೈರು ಸಿಕ್ಕಿಸಿದ್ದಾರೆ. ಸೆಟ್ಟಿಂಗ್ಸ್‌ನೊಳಗೆ ಆಕ್ಸೆಸಿಬಿಲಿಟಿಯ ಆಡಿಯೊ ವಿಭಾಗದಲ್ಲಿ ‘ಮೊನೊ ಆಡಿಯೊ’ ಹಾಕಿ, ಎರಡೂ ಕಿವಿಗೆ ಬರುತ್ತದೆ. ಅಲ್ಲೇ ಕೆಳಗಿರುವ ಎಡಬಲದ ಪಟ್ಟಿ ನಡುವಿನಲ್ಲಿದೆಯೇ ನೋಡಿಕೊಳ್ಳಿ. ಮತ್ತೆ ಸ್ಟೀರಿಯೊ ಹಾಡು ಕೇಳುವ ಮೊದಲು ಮೊನೊ ತೆಗೆಯಿರಿ. ಅಂದ ಹಾಗೆ, ಮ್ಯೂಸಿಕ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿರುವ ಇಕ್ಯೂ (ಈಕ್ವಲೈಸರ್) ಯೂಟ್ಯೂಬಿಗೆ ತಗಲುವುದಿಲ್ಲ, ಅದು ಆ ಆ್ಯಪ್‌ಗಷ್ಟೇ.